ಮತ್ಸ್ಯವಿನೋದ

ಮೀನು ಹಿಡಿಯುವುದು ಹಲವರಿಗೆ ಜೀವನೋಪಾಯ, ಕೆಲವರಿಗೆ ವಿನೋದ. ಬಿಡುವಿನ ದಿನ ಮನೆಯವರೊಡನೆ, ಗೆಳೆಯರೊಡನೆ ಹೊಳೆಯ ದಡದಲ್ಲಿ ಗಾಳ ಹಿಡಿದು ಕುಳಿತವನಿಗೆ ಹೊತ್ತು ಹೋದುದೇ ತಿಳಿಯದು. ಈ ವಿನೋದದ ವಿಚಾರವನ್ನು ಇಲ್ಲಿ ತಿಳಿಯೋಣ.

ಇದು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ 100 ಅಧ್ಯಾಯಗಳ ಗ್ರಂಥವನ್ನು ರಚಿಸಿದನು. ಅದರಲ್ಲಿ ‘ಮತ್ಸ್ಯವಿನೋದ’ವೂ ಒಂದು ಅಧ್ಯಾಯ. ಕಡಲ ಮೀನು, ಹೊಳೆಯ ಮೀನು, ಹುರುಪೆಯುಳ್ಳವು, ಇಲ್ಲದವು ಎಂದು ವಿಂಗಡಿಸಿ, ಅವುಗಳ ಆಹಾರವನ್ನೂ ಗಾಳ ಹಾಕುವ ಬಗೆಯನ್ನೂ ಅಲ್ಲಿ ವಿವರಿಸಿದೆ. ಈ ಗ್ರಂಥವು 1925ರಿಂದ ಮೊದಲ್ಗೊಂಡು ನಮ್ಮ ನೆರೆಯ ವಡೋದರೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಚಾಂದ್‌ಖೇಡಾದ ಕನ್ನಡ ಮಕ್ಕಳಿಗೆ ಇದು ಹೆಮ್ಮೆಯ ಸಂಗತಿ.

ಗಾಳಕ್ಕೆ ಬೇಕಾದ ಸಾಮಗ್ರಿ ಸ್ವಲ್ಪ: ಬಿದಿರು ಕೋಲು, ದಾರ, ಬೆಂಡು, ಮುಳ್ಳು, ಎರೆಹುಳು. ಕಾವೇರಿಯ ದೊಡ್ಡ ಮೀನಿಗೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆಯೇ ಪ್ರಿಯವಾದ ಆಹಾರ. ಬೆಂಡು ಅಲುಗಿದೊಡನೆ ಎಳೆದರೆ ಮೀನು ತಪ್ಪಿಸಿಕೊಳ್ಳುವುದು. ಅದು ಮುಳುಗುವವರೆಗೆ ಕಾಯಬೇಕು. ಮಾತಿಲ್ಲದೆ ಒಟ್ಟಿಗೆ ಕುಳಿತಿರುವ ಸುಖವನ್ನೂ ತಾಳ್ಮೆಯನ್ನೂ ಕಲಿಸುವ ಪಾಠಶಾಲೆ ಇದು.

ಮಲೆನಾಡಿನಲ್ಲಿ ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಗದ್ದೆಗೆ ಏರುವುವು. ಇವೇ ಹತ್ತುಮೀನುಗಳು. ಅಣ್ಣತಮ್ಮಂದಿರು, ನೆರೆಹೊರೆಯವರು ದೀಪ ಹಿಡಿದು ರಾತ್ರಿಯೆಲ್ಲ ಇವನ್ನು ಹಿಡಿಯುವ ಸಂಭ್ರಮ ದೊಡ್ಡದು. ಆದರೆ ಒಂದು ತಾಯಿಮೀನಿನೊಡನೆ ಸಾವಿರಾರು ಮೊಟ್ಟೆಗಳೂ ನಾಶವಾಗುವುವೆಂಬುದನ್ನು ಆ ಸಂಭ್ರಮದಲ್ಲಿ ಮರೆಯುವರು.

ಇದರ ಪರಿಣಾಮವೇನೆಂದು ಮಹಶೀರ್ ಮೀನಿನ ಕಥೆ ತಿಳಿಸುವುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರನ್ನು ಗಾಳದಿಂದ ಹಿಡಿದರು. ಕಾವೇರಿಯಲ್ಲೂ ಅದರ ಉಪನದಿಗಳಲ್ಲೂ ಅಲ್ಲದೆ ಬೇರೆಲ್ಲೂ ಹುಟ್ಟದ ಆ ಗೂನುಬೆನ್ನಿನ ಜಾತಿ ಇಂದು ಅಳಿವಿನ ಅಂಚಿನಲ್ಲಿದೆ. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಹಿಡಿಯುವುದು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಇವೆಲ್ಲ ಅದಕ್ಕೆ ಕಂಟಕವಾದುವು. ಅದಕ್ಕೆ ವೈಜ್ಞಾನಿಕ ಹೆಸರು ನಿಶ್ಚಯವಾದುದು 2018ರಲ್ಲಿ. ಅಷ್ಟರಲ್ಲಿಯೇ ಅದು ಬಹಳ ವಿರಳವಾಗಿತ್ತು.

ಆದುದರಿಂದ ಗಾಳ ಹಾಕುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಅನುಮತಿಯುಳ್ಳ ಕಡೆ ಮಾತ್ರ ಹಿಡಿಯಬೇಕು. ಮರಿಗಳನ್ನೂ ಮೊಟ್ಟೆ ತುಂಬಿದ ಮೀನುಗಳನ್ನೂ ಒದ್ದೆ ಕೈಯಿಂದ ಹಿಡಿದು ಮರಳಿ ನೀರಿಗೆ ಬಿಡಬೇಕು. ಹರಿದ ದಾರವನ್ನು ದಡದಲ್ಲಿ ಬಿಡಬಾರದು. ಹಿರಿಯರಿಲ್ಲದೆ ಮಕ್ಕಳು ನೀರಿನ ಬಳಿಗೆ ಹೋಗಬಾರದು.

ಗಾಳವಿಲ್ಲದೆಯೂ ಮತ್ಸ್ಯವಿನೋದವುಂಟು. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿ, ಅವು ಗುಂಪುಗುಂಪಾಗಿ ಬರುವುದನ್ನು ನೋಡಿ ನಲಿಯುವರು. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜನನ್ನು, ಸೋದರಮಾವನನ್ನು ಕೇಳಿರಿ: ಅವರ ಬಾಲ್ಯದಲ್ಲಿ ಊರ ಹೊಳೆಯಲ್ಲಿ ಯಾವ ಯಾವ ಮೀನುಗಳಿದ್ದುವು? ಅವುಗಳಲ್ಲಿ ಇಂದು ಎಷ್ಟು ಉಳಿದಿವೆ? ಅವರು ಹೇಳಿದ ಹೆಸರುಗಳನ್ನು ಬರೆದು ತನ್ನಿರಿ.