ಕಾನ್ವೆಂಟ್ ಶಾಲೆ ಹೋಲಿಸುವುದು ಹೇಗೆ? ಫ್ಲೆಕ್ಸ್ ಬಿಡಿ, ನೋಟ್ ಪುಸ್ತಕ ನೋಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ಮಂಗಳೂರಿನ ವೃತ್ತಗಳಲ್ಲಿ ಶಾಲೆಗಳ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. ‘ಶೇ 100 ಫಲಿತಾಂಶ’, ಕೆಳಗೆ 625ಕ್ಕೆ 620 ದಾಟಿದವರ ಫೋಟೊ. ಅದನ್ನೇ ನೆನಪಿಟ್ಟುಕೊಂಡು ಒಂದನೇ ತರಗತಿಗೆ ಅರ್ಜಿ ಹಾಕುವ ಪೋಷಕರು ಬಹಳ ಮಂದಿ. ಹತ್ತನೇ ತರಗತಿಯ ಅಂಕದಿಂದ ನಾಲ್ಕನೇ ತರಗತಿಯ ಪಾಠ ಹೇಗಿದೆಯೆಂದು ತಿಳಿಯದು. ಪ್ರಾಥಮಿಕ ಹಂತಕ್ಕೆ ಹೋಲಿಸಿ ನೋಡುವಂಥ ಪಬ್ಲಿಕ್ ಪರೀಕ್ಷೆಯೂ ಇಲ್ಲ. 5, 8ನೇ ತರಗತಿಗೆ ಬೋರ್ಡ್ ಮಾದರಿ ಪರೀಕ್ಷೆ ನಡೆಸಲು ಸರ್ಕಾರ ಹೊರಟಿತ್ತು. 2024ರಲ್ಲಿ ಅದರ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಹಾಗಾಗಿ ಹೋಲಿಕೆಯ ಕೆಲಸ ನಿಮ್ಮದೇ.

1. ಸರಿಜೋಡಿಯನ್ನೇ ಹೋಲಿಸಿ

ಹೆಸರಿನ ಮುಂದೆ ‘ಸೇಂಟ್’ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಆಡಳಿತದ ಶಾಲೆಗಳಲ್ಲ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಜೆಸ್ವಿಟ್ ಪಾದ್ರಿಗಳದು. ಸಂತ ಆ್ಯಗ್ನೆಸ್ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳದು. ಚರ್ಚ್‌ಗಳಿಗೆ ಸೇರಿದ ಹಲವು ಶಾಲೆಗಳು ಧರ್ಮಪ್ರಾಂತ್ಯದ ಕೆಥೋಲಿಕ್ ಶಿಕ್ಷಣ ಮಂಡಳಿಯ ಕೆಳಗಿವೆ. ಬಾಸೆಲ್ ಮಿಷನ್ ಪರಂಪರೆಯ ಶಾಲೆಗಳು ಪ್ರೊಟೆಸ್ಟೆಂಟರವು. ಶಿಕ್ಷಕರ ನೇಮಕ, ಶುಲ್ಕ, ಶಿಸ್ತು ಎಲ್ಲವೂ ಆಡಳಿತಕ್ಕೆ ತಕ್ಕಂತೆ ಬದಲಾಗುತ್ತವೆ.

ಒಂದೇ ಕಾಂಪೌಂಡಿನಲ್ಲಿ ಅನುದಾನಿತ ಕನ್ನಡ ಮಾಧ್ಯಮವೂ ಅನುದಾನರಹಿತ ಇಂಗ್ಲಿಷ್ ಮಾಧ್ಯಮವೂ ಇರಬಹುದು. ಪಕ್ಕದಲ್ಲೇ ಸಿಬಿಎಸ್‌ಇ ವಿಭಾಗವೂ ಇದ್ದೀತು. ಮಾಧ್ಯಮ ಮತ್ತು ಪಠ್ಯಕ್ರಮ ಒಂದೇ ಆಗಿರುವ ಎರಡು ಮೂರು ಶಾಲೆಗಳನ್ನಷ್ಟೇ ಪಟ್ಟಿ ಮಾಡಿ.

2. ‘ಶೇ 100’ರ ಲೆಕ್ಕ ಕೇಳಿ

ಪೋಷಕರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಶಾಲೆಯ ಎಂಟನೇ ತರಗತಿಯಲ್ಲಿ 120 ಮಕ್ಕಳಿದ್ದರು ಎಂದಿಟ್ಟುಕೊಳ್ಳಿ. ಎರಡು ವರ್ಷ ಕಳೆದ ಮೇಲೆ 104 ಮಕ್ಕಳು ಪರೀಕ್ಷೆಗೆ ಕೂತು ಎಲ್ಲರೂ ಪಾಸಾದರು. ಫಲಿತಾಂಶ ಶೇ 100, ಲೆಕ್ಕದಲ್ಲಿ ತಪ್ಪಿಲ್ಲ. ಉಳಿದ 16 ಮಕ್ಕಳು ಎಲ್ಲಿ? ಕೆಲವರ ಅಪ್ಪ ಅಮ್ಮನಿಗೆ ವರ್ಗವಾಗಿರಬಹುದು. ‘ಇವನಿಗೆ ಇಲ್ಲಿ ಕಷ್ಟ, ಟಿ.ಸಿ. ತೆಗೆದುಕೊಳ್ಳಿ’ ಎಂಬ ಮಾತು ಕೇಳಿ ಹೊರಟವರೂ ಇರಬಹುದು. ಕಲಿಯಲು ಕಷ್ಟಪಡುವ ಮಗುವನ್ನು ದಾಟಿಸುವುದು ಶಾಲೆಯ ಕೆಲಸ, ಸಾಗಹಾಕುವುದಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದು ಎಂಟನೇ ತರಗತಿಯಿಂದ. ಆಗ ಬೇರೆ ಶಾಲೆಗಳ ಜಾಣ ಮಕ್ಕಳು ಬಂದು ಸೇರುತ್ತಾರೆ. ಫ್ಲೆಕ್ಸ್‌ನಲ್ಲಿರುವ ಹುಡುಗಿಗೆ ಅಕ್ಷರ, ಮಗ್ಗಿ ಕಲಿಸಿದ್ದು ಯಾವುದೋ ಹಳ್ಳಿಯ ಸರ್ಕಾರಿ ಶಾಲೆಯಾಗಿರಬಹುದು. ಸಂಜೆಯ ಟ್ಯೂಷನ್ನಿನ ಪಾಲನ್ನಂತೂ ಯಾರೂ ಬರೆಯುವುದಿಲ್ಲ.

ಹೀಗೆ ಮಾಡಿ: ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ ಶಾಲೆಗಿರುವ 11 ಅಂಕಿಯ ಸಂಖ್ಯೆ ತಿಳಿದುಕೊಂಡು, ಯುಡೈಸ್ ಪ್ಲಸ್ ಜಾಲತಾಣದಲ್ಲಿ ತರಗತಿವಾರು ಮಕ್ಕಳ ಸಂಖ್ಯೆ ನೋಡಿ. ಎಂಟರಲ್ಲಿದ್ದವರೆಷ್ಟು, ಹತ್ತಕ್ಕೆ ಬಂದವರೆಷ್ಟು ಎಂಬುದನ್ನು ತಾಳೆ ಹಾಕಿ. ಒಂದನೇ ತರಗತಿಯಲ್ಲಿ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಅಲ್ಲೇ ಹತ್ತನೇ ತರಗತಿ ಮುಗಿಸಿದರು ಎಂದು ಕಚೇರಿಯಲ್ಲೇ ಕೇಳಿ. ನೇರ ಉತ್ತರ ಕೊಡುವ ಶಾಲೆಗೆ ಒಂದು ಅಂಕ ಹೆಚ್ಚು ಹಾಕಿಕೊಳ್ಳಿ.

3. ಸಾಧಾರಣ ಮಗುವಿನ ನೋಟ್ ಪುಸ್ತಕ ತೆರೆಯಿರಿ

ನೆರೆಹೊರೆಯಲ್ಲೋ ಚರ್ಚಿನ ವಾರ್ಡಿನಲ್ಲೋ ಆ ಶಾಲೆಯ ಮಕ್ಕಳಿದ್ದೇ ಇರುತ್ತಾರೆ. ನಾಲ್ಕು ಮತ್ತು ಏಳನೇ ತರಗತಿಯವರ ಪುಸ್ತಕ ಕೇಳಿ ಪಡೆಯಿರಿ. ಕ್ಲಾಸಿಗೇ ಮೊದಲಿಗನ ಪುಸ್ತಕ ಬೇಡ; ಅದು ಎಲ್ಲ ಶಾಲೆಗಳಲ್ಲೂ ಚೆನ್ನಾಗಿರುತ್ತದೆ.

ಇಬ್ಬರು ಮಕ್ಕಳ ಉತ್ತರಗಳು ಅಕ್ಷರಶಃ ಒಂದೇ ಆಗಿದ್ದರೆ ಅದು ಬೋರ್ಡಿನಿಂದ ನಕಲು ಮಾಡಿದ್ದು. ತಪ್ಪು ಕಾಗುಣಿತದ ಮೇಲೂ ಕೆಂಪು ರೈಟ್ ಮಾರ್ಕ್ ಬಿದ್ದಿದ್ದರೆ ಟೀಚರ್ ಓದಿಲ್ಲ. ತಪ್ಪನ್ನು ಸುತ್ತು ಹಾಕಿ, ಮಗುವಿನಿಂದ ಮತ್ತೆ ಬರೆಸಿ, ಅದನ್ನೂ ತಿದ್ದಿದ್ದರೆ ಆ ಶಾಲೆಯಲ್ಲಿ ಪಾಠ ನಡೆಯುತ್ತಿದೆ ಎಂದರ್ಥ. ಗಣಿತದಲ್ಲಿ ಬರೀ ಉತ್ತರವನ್ನಲ್ಲ, ಯಾವ ಹಂತದಲ್ಲಿ ತಪ್ಪಿತು ಎಂಬುದನ್ನು ಗುರುತಿಸಿದ್ದಾರೆಯೇ ನೋಡಿ.

ಪುಟಗಳ ಸಂಖ್ಯೆಗೆ ಮರುಳಾಗಬೇಡಿ. ರಾತ್ರಿ ಹತ್ತರವರೆಗೆ ಹೋಂವರ್ಕ್ ಬರೆಸುವುದು ಬಿಗಿಯಾದ ಕಲಿಕೆಯಲ್ಲ. ತರಗತಿಯಲ್ಲಿ ಮುಗಿಯದ್ದನ್ನು ಮನೆಗೆ ದಾಟಿಸುವುದು, ಅಷ್ಟೇ.

4. ಪ್ರಶ್ನೆಪತ್ರಿಕೆ ಓದಿ

ರಾಜ್ಯ ಪಠ್ಯಕ್ರಮದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆ ಇರುತ್ತವೆ. ಏಳನೇ ತರಗತಿಯ ಸಂಕಲನಾತ್ಮಕ ಪತ್ರಿಕೆಯನ್ನು ಪಾಠದ ಕೊನೆಯ ಅಭ್ಯಾಸದ ಜೊತೆ ಇಟ್ಟು ನೋಡಿ. ಎಲ್ಲ ಪ್ರಶ್ನೆಗಳೂ ಅಲ್ಲಿನವೇ ಆಗಿದ್ದರೆ ಪರೀಕ್ಷೆ ಅಳೆಯುವುದು ನೆನಪನ್ನು ಮಾತ್ರ. ಹೊಸ ವಾಕ್ಯಲೆಕ್ಕ, ಓದದ ಗದ್ಯಭಾಗ, ‘ಏಕೆ’ ಎಂದು ಕೇಳುವ ವಿಜ್ಞಾನದ ಪ್ರಶ್ನೆ ಇದ್ದರೆ ಶಾಲೆ ಮಕ್ಕಳನ್ನು ಯೋಚಿಸಲು ಹಚ್ಚುತ್ತಿದೆ. ಕನ್ನಡ ಪತ್ರಿಕೆಯನ್ನೂ ಬಿಡದೆ ನೋಡಿ. ಇಂಗ್ಲಿಷ್ ಮಾಧ್ಯಮದ ಹಲವು ಕಡೆ ಅದನ್ನು ಕಾಟಾಚಾರಕ್ಕೆ ಮುಗಿಸುತ್ತಾರೆ.

5. ಟೀಚರ್ ಎಷ್ಟು ವರ್ಷದಿಂದ ಇದ್ದಾರೆ?

ಹೆಡ್‌ಮಿಸ್ಟ್ರೆಸ್ ಸಿಸ್ಟರ್‌ಗೆ ವರ್ಗಾವಣೆ ಇದ್ದದ್ದೇ. ಒಳ್ಳೆಯವರು ಹೋದರೆ ಶಾಲೆಯ ಚಹರೆ ಬದಲಾಗುತ್ತದೆ, ಹೆಸರು ಮಾತ್ರ ಹಳೆಯದೇ ಉಳಿದಿರುತ್ತದೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುವುದುಂಟು. ಗಣಿತ, ಇಂಗ್ಲಿಷ್ ಕಲಿಸುವವರು ಪ್ರತಿ ಜೂನ್‌ನಲ್ಲಿ ಬದಲಾಗುತ್ತಿದ್ದರೆ ಹುಷಾರು.

ಇನ್ನುಳಿದವು, ಚುಟುಕಾಗಿ

ಆರ್‌ಟಿಇ ಸೀಟು ಕೇಳಬೇಡಿ: 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಶಿಕ್ಷಣ ಹಕ್ಕು ಕಾಯ್ದೆ ಇಂಥ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು. ಕ್ರೈಸ್ತರಲ್ಲದ ಮಕ್ಕಳು ಧರ್ಮೋಪದೇಶಕ್ಕೆ ಕೂರಲೇಬೇಕಿಲ್ಲ. ಸಂವಿಧಾನದ 28ನೇ ವಿಧಿ ಅದಕ್ಕೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಶುಲ್ಕದ ವಿವರವನ್ನು ಬರಹದಲ್ಲೇ ಪಡೆಯಿರಿ. ಇಷ್ಟೆಲ್ಲ ನೋಡಿಯೂ ಎರಡು ಶಾಲೆಗಳು ಸಮನಾಗಿ ಕಂಡರೆ, ಮನೆಗೆ ಹತ್ತಿರದ್ದನ್ನೇ ಆರಿಸಿ.