ಹಳೆಯ ಕಾರಿನ ಎಂಜಿನ್ ಎಣ್ಣೆ ಸೋರಿಕೆ: ಮೂಲವನ್ನು ಕಂಡುಹಿಡಿಯುವ ಕ್ರಮ

ಮೋಟಾರು ಕಾರು ನಿಂತುಹೋದ ಸ್ಥಳದಲ್ಲಿ ನೆಲದ ಮೇಲೆ ಉಳಿಯುವ ಕಪ್ಪು ಕಲೆಯನ್ನು ಕಾಣದವರು ವಿರಳ. ಸುಗಟೂರಿನಿಂದ ಕೋಲಾರಕ್ಕೋ ಮುಳಬಾಗಿಲಿಗೋ ಹಳೆಯ ಕಾರಿನಲ್ಲಿ ಓಡಾಡುವ ಕುಟುಂಬಕ್ಕೆ ಈ ಕಲೆ ಒಂದು ಪ್ರಶ್ನೆಯನ್ನೊಡ್ಡುತ್ತದೆ. ಇದು ಹಳೆಯ ಯಂತ್ರದ ಸಹಜ ಸ್ವಭಾವವೋ ಅಥವಾ ಮುಂದೆ ಬರಲಿರುವ ಕೇಡಿನ ಸೂಚನೆಯೋ? ಸರಿಯಾದ ಉತ್ತರ ದೊರೆಯದಿದ್ದಲ್ಲಿ ನಷ್ಟ ಎರಡು ಬಗೆಯಲ್ಲಿ ಸಂಭವಿಸುತ್ತದೆ. ಉಪೇಕ್ಷಿಸಿದರೆ ಎಣ್ಣೆ ಬತ್ತಿ, ಬೇರಿಂಗುಗಳು ಸುಟ್ಟು, ಎಂಜಿನ್ ಹಿಡಿದುಕೊಳ್ಳುತ್ತದೆ. ಅವಸರಪಟ್ಟರೆ, ಅಲ್ಪ ಬೆಲೆಯ ಒಂದು ಪ್ಯಾಕಿಂಗ್ ಬದಲಿಸಿ ಮುಗಿಯಬೇಕಾದ ಕೆಲಸಕ್ಕೆ ಇಡೀ ಎಂಜಿನ್ನನ್ನೇ ಕೆಳಗಿಳಿಸಿದಂತಾಗುತ್ತದೆ. ಆದುದರಿಂದ ಬಿಚ್ಚುವುದಕ್ಕೆ ಮೊದಲು ನೋಡುವುದು ಹೇಗೆಂಬುದೇ ಇಲ್ಲಿಯ ವಿಚಾರ.

ನಮ್ಮ ನಾಡಿನ ಹಳೆಯ ಕಾರುಗಳ ಪೈಕಿ ಈ ಪಾಠಕ್ಕೆ ಅತ್ಯಂತ ಯೋಗ್ಯವಾದ ನಿದರ್ಶನ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು 1957ರಲ್ಲಿ ಇದರ ತಯಾರಿಕೆಯನ್ನು ಆರಂಭಿಸಿತು. 2014ರಲ್ಲಿ ತಯಾರಿಕೆ ನಿಂತಿತು. ಬಹುಕಾಲ ಇದರಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ದ್ರವದ ಗುರುತು

ಕಾರಿನಿಂದ ಸೋರುವುದೆಲ್ಲವೂ ಎಂಜಿನ್ ಎಣ್ಣೆಯಲ್ಲ. ರಾತ್ರಿ ಕಾರಿನ ಕೆಳಗೆ ಬಿಳಿಯ ಕಾಗದವನ್ನು ಹಾಸಿ ಬೆಳಿಗ್ಗೆ ಪರೀಕ್ಷಿಸಬೇಕು. ಬಳಕೆಯಾದ ಎಂಜಿನ್ ಎಣ್ಣೆ ಮಸಿಯಿಂದ ಕಪ್ಪಾಗಿದ್ದು ಬೆರಳಿಗೆ ಜಾರುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆಗೆ ದಹನದ ಸಂಪರ್ಕವಿಲ್ಲದ ಕಾರಣ ಅದು ಅಷ್ಟು ಕಪ್ಪಾಗದು. ಹಿಂದಿನ ಡಿಫರೆನ್ಷಿಯಲ್‌ನ ಎಣ್ಣೆ ದಪ್ಪನಾಗಿದ್ದು ಗಂಧಕದ ಕಟುವಾಸನೆಯನ್ನು ಬೀರುತ್ತದೆ. ಬ್ರೇಕ್ ದ್ರವ ತೆಳುವಾಗಿದ್ದು ಬಣ್ಣವನ್ನು ಕಿತ್ತುಹಾಕುತ್ತದೆ. ಅದು ಕಂಡುಬಂದಲ್ಲಿ ಕಾರನ್ನು ಓಡಿಸಲೇಬಾರದು. ಕಾಗದವನ್ನು ಹಾಸುವಾಗ ಚಕ್ರಗಳ ಸ್ಥಾನವನ್ನು ಗುರುತು ಮಾಡಿಟ್ಟರೆ, ಹನಿ ಎಂಜಿನ್ನಿನ ಮುಂಭಾಗದ್ದೋ ಹಿಂಭಾಗದ್ದೋ ಎಂಬುದೂ ತಿಳಿಯುತ್ತದೆ.

ತೊಟ್ಟಿಕ್ಕುವ ಸ್ಥಳ, ಹೊರಡುವ ಸ್ಥಳ

ಹನಿ ಬೀಳುವ ಸ್ಥಳವೇ ಸೋರಿಕೆಯ ಮೂಲವೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಎಣ್ಣೆ ತನ್ನ ಭಾರದಿಂದ ಕೆಳಕ್ಕೆ ಹರಿಯುತ್ತದೆ. ಕಾರು ಚಲಿಸುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಿನ ಟ್ಯಾಪೆಟ್ ಕವರ್‌ನಲ್ಲಿ ಹೊರಟ ಎಣ್ಣೆ ಎಂಜಿನ್ನಿನ ಬೆನ್ನಿನಗುಂಟ ಇಳಿದು, ಕ್ಲಚ್ ಹೌಸಿಂಗಿನ ಕೆಳಗೆ ತೊಟ್ಟಿಕ್ಕುವುದುಂಟು. ಆದುದರಿಂದ ಒದ್ದೆಯಾಗಿರುವ ಭಾಗಗಳಲ್ಲಿ ಅತಿ ಮೇಲಿನದೂ ಅತಿ ಮುಂದಿನದೂ ಯಾವುದೆಂದು ನೋಡಬೇಕು.

ಬಯಲುಸೀಮೆಯ ಧೂಳು ಎಣ್ಣೆಯೊಡನೆ ಬೆರೆತು ಎಂಜಿನ್ನಿನ ಮೇಲೆ ಗಟ್ಟಿಯಾದ ಪದರವಾಗಿ ಕುಳಿತಿರುತ್ತದೆ. ಆ ಪದರವಿರುವ ತನಕ ಯಾವ ಪರೀಕ್ಷೆಯೂ ಫಲಿಸದು. ಎಂಜಿನ್ ಸಂಪೂರ್ಣವಾಗಿ ತಣಿದ ಬಳಿಕ ಬ್ಯಾಟರಿಯ ತಂತಿಯನ್ನು ಕಳಚಿ, ಸೀಮೆಎಣ್ಣೆ ಮತ್ತು ಕುಂಚದಿಂದ ಅದನ್ನು ಕರಗಿಸಿ ಒರೆಸಬೇಕು. ಪೂರ್ತಿ ಒಣಗಿದ ಮೇಲೆ ಸಂದೇಹವಿರುವ ಜೋಡಣೆಗಳಿಗೆ ಟಾಲ್ಕಂ ಪುಡಿಯನ್ನು ತೆಳುವಾಗಿ ಉದುರಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಬೇಕು. ಬಿಳಿಯ ಪುಡಿಯ ಮೇಲೆ ಮೊದಲು ಮೂಡುವ ಕಂದು ಗೆರೆಯೇ ಮೂಲವನ್ನು ತೋರಿಸುತ್ತದೆ. ಇತ್ತೀಚಿನ ಕಾರ್ಯಾಗಾರಗಳಲ್ಲಿ ಎಣ್ಣೆಗೆ ಹೊಳೆಯುವ ಬಣ್ಣವನ್ನು ಬೆರೆಸಿ ನೇರಳಾತೀತ ದೀಪದಲ್ಲಿ ನೋಡುವ ಕ್ರಮವಿದೆ. ಎರಡರ ತತ್ತ್ವವೂ ಒಂದೇ.

ಸೋರುವ ಸ್ಥಾನಗಳು ಮೂರು ಬಗೆ

ಮೊದಲನೆಯದು, ಪಂಪಿನ ಒತ್ತಡದಲ್ಲಿ ಎಣ್ಣೆ ಹರಿಯುವ ಸ್ಥಾನಗಳು: ಫಿಲ್ಟರ್, ಒತ್ತಡಮಾಪಕದ ಕೊಳವೆ, ಅದರ ಜೋಡಣೆಗಳು. ಇಲ್ಲಿ ಸೋರಿಕೆಯಾದರೆ ಎಂಜಿನ್ ಓಡುವಾಗ ಎಣ್ಣೆ ಚಿಮ್ಮುತ್ತದೆ, ನಿಂತೊಡನೆ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಎಣ್ಣೆ ಬರಿದಾಗಬಹುದಾದ್ದರಿಂದ ಇದು ಎಲ್ಲಕ್ಕಿಂತ ಅಪಾಯಕರ.

ಎರಡನೆಯದು, ಎಣ್ಣೆ ಕೇವಲ ಎರಚಿ ಬೀಳುವ ಅಥವಾ ನಿಲ್ಲುವ ಸ್ಥಾನಗಳು: ಟ್ಯಾಪೆಟ್ ಕವರ್, ಪಕ್ಕದ ಮುಚ್ಚಳಗಳು, ಕೆಳಗಿನ ಚೇಂಬರ್. ಅಂಬಾಸಿಡರ್ ಎಂಜಿನ್ನಿನ ಪಕ್ಕದ ಮುಚ್ಚಳಗಳು ಹೊಗೆಕೊಳವೆಯ ಮ್ಯಾನಿಫೋಲ್ಡಿನ ಹಿಂದೆ ಮರೆಯಾಗಿರುತ್ತವೆ. ಆ ಕಾವಿಗೆ ಕಾರ್ಕ್ ಪ್ಯಾಕಿಂಗ್ ಒಣಗಿ ಕುಗ್ಗುತ್ತದೆ. ಸೋರಿಕೆ ಕಂಡೊಡನೆ ನಟ್ಟುಗಳನ್ನು ಬಲವಾಗಿ ಬಿಗಿಯುವುದು ರೂಢಿ. ಆದರೆ ತೆಳುತಗಡಿನ ಅಂಚು ಬಾಗಿ ಸೋರಿಕೆ ಇಮ್ಮಡಿಸುವುದೇ ಅದರ ಫಲ. ಕಾದ ಮ್ಯಾನಿಫೋಲ್ಡಿನ ಮೇಲೆ ಎಣ್ಣೆ ಬಿದ್ದರೆ ಸುಟ್ಟ ವಾಸನೆ ಬರುತ್ತದೆ. ಬೆಂಕಿ ಹತ್ತಿಕೊಳ್ಳುವ ಸಂಭವವೂ ಉಂಟು.

ಮೂರನೆಯದು, ತಿರುಗುವ ದಂಡ ಹೊರಬರುವ ಸ್ಥಾನಗಳು: ಮುಂದಿನ ಟೈಮಿಂಗ್ ಕವರ್ ಮತ್ತು ಹಿಂದಿನ ಕೊನೆಯ ಬೇರಿಂಗ್. ಈ ಹಿಂಬದಿಯ ಸ್ಥಾನದ ರಚನೆಯನ್ನು ವಿಶೇಷವಾಗಿ ಗಮನಿಸತಕ್ಕದ್ದು. ಈ ಹಳೆಯ ಎಂಜಿನ್ನಿನ ಹಿಂಬದಿಯಲ್ಲಿ ರಬ್ಬರಿನ ಸೀಲ್ ಇಲ್ಲ. ಅದರ ಬದಲು ಕ್ರ್ಯಾಂಕ್ ದಂಡದ ಮೇಲೆ ತಿರುಪಿನಂತಹ ಸುರುಳಿಗೆರೆಯನ್ನು ಕೊರೆಯಲಾಗಿದೆ. ದಂಡ ತಿರುಗುವಾಗ ಆ ಗೆರೆ ಎಣ್ಣೆಯನ್ನು ಒಳಕ್ಕೆ ಮರಳಿಸುತ್ತದೆ. ಎಂಜಿನ್ ನಿಂತಾಗ ಮರಳಿಸುವ ಕ್ರಿಯೆಯೂ ನಿಲ್ಲುವುದರಿಂದ, ಉಳಿದ ಎಣ್ಣೆ ಕೆಲವು ಹನಿಗಳಾಗಿ ಕೆಳಗಿಳಿಯುತ್ತದೆ. ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನೂ ಹೆಚ್ಚು. ಇಷ್ಟರಮಟ್ಟಿನ ಹನಿ ಈ ಎಂಜಿನ್ನಿನ ಜನ್ಮಸ್ವಭಾವವೇ ಹೊರತು ರೋಗವಲ್ಲ; ಇದಕ್ಕಾಗಿ ಎಂಜಿನ್ ಇಳಿಸುವುದು ವ್ಯರ್ಥ. ಆದರೆ ಎಣ್ಣೆ ಕ್ಲಚ್ ಫಲಕವನ್ನು ತೋಯಿಸಿ, ಏರಿನಲ್ಲಿ ಎಂಜಿನ್ ಕೂಗಿದರೂ ಕಾರು ಮುಂದೆ ಸಾಗದಂತಾದರೆ, ಆಗ ಚಿಕಿತ್ಸೆ ಅನಿವಾರ್ಯ.

ಒಳಗಿನ ಒತ್ತಡದ ಪರೀಕ್ಷೆ

ಏಕಕಾಲದಲ್ಲಿ ಹಲವು ಜೋಡಣೆಗಳಿಂದ ಎಣ್ಣೆ ಹೊರಬರುತ್ತಿದ್ದರೆ, ದೋಷವು ಪ್ಯಾಕಿಂಗುಗಳಲ್ಲಿರದೆ ಒಳಗಿರುವ ಸಂಭವವೇ ಹೆಚ್ಚು. ಸವೆದ ಪಿಸ್ಟನ್ ರಿಂಗುಗಳನ್ನು ದಾಟಿದ ಅನಿಲ ಎಂಜಿನ್ನಿನ ಕೆಳಭಾಗದಲ್ಲಿ ತುಂಬಿ ಎಣ್ಣೆಯನ್ನು ಎಲ್ಲ ಸಂದುಗಳಿಂದಲೂ ಹೊರದೂಡುತ್ತದೆ. ಆ ಅನಿಲ ಹೊರಹೋಗಬೇಕಾದ ಉಸಿರುಕೊಳವೆ ಮಸಿಯಿಂದ ಕಟ್ಟಿಕೊಂಡರೂ ಪರಿಣಾಮ ಅದೇ. ಮೊದಲು ಈ ಕೊಳವೆಯನ್ನು ಶುದ್ಧಗೊಳಿಸಬೇಕು. ಬಳಿಕ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆರೆಯಬೇಕು. ಅಲ್ಪ ಆವಿ ಸಹಜ; ರಭಸದಿಂದ ಹೊಗೆ ಉಬ್ಬುಬ್ಬಿ ಬಂದರೆ ರಿಂಗುಗಳ ಸವೆತವನ್ನು ಶಂಕಿಸಿ, ಕಂಪ್ರೆಷನ್ ಅಳತೆಯಿಂದ ಖಚಿತಪಡಿಸಿಕೊಳ್ಳಬೇಕು. ಇಂತಹ ಸ್ಥಿತಿಯಲ್ಲಿ ಸೀಲುಗಳನ್ನು ಎಷ್ಟು ಬದಲಿಸಿದರೂ ಸೋರಿಕೆ ಮರುಕಳಿಸುತ್ತದೆ.

ಅಳತೆ ಮತ್ತು ಎಚ್ಚರಿಕೆ

ಸೋರಿಕೆಯ ಗಾತ್ರವನ್ನು ಊಹಿಸದೆ ಅಳೆಯಬೇಕು. ಹನಿಯ ಗಾತ್ರ ಎಣ್ಣೆಯ ಗುಣಕ್ಕೆ ತಕ್ಕಂತೆ ಬೇರೆಯಾದರೂ, ಒಂದು ಮಿಲಿಲೀಟರಿಗೆ ಸ್ಥೂಲವಾಗಿ 25ರಿಂದ 30 ಹನಿಗಳೆಂದು ಹಿಡಿಯೋಣ. ನಿಮಿಷಕ್ಕೊಂದು ಹನಿಯಾದರೆ ದಿನಕ್ಕೆ 1440 ಹನಿ, ಅಂದರೆ ಸುಮಾರು 50 ಮಿಲಿಲೀಟರ್. 20 ದಿನಗಳಲ್ಲಿ ಒಂದು ಲೀಟರ್. ಸುಮಾರು 4 ಲೀಟರ್ ಎಣ್ಣೆ ಹಿಡಿಯುವ ಎಂಜಿನ್ನಿಗೆ ಇದು ಅಲ್ಪವಲ್ಲ. ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣಿದಿರುವಾಗ, ವಾರಕ್ಕೊಮ್ಮೆ ಅಳತೆ ಕಡ್ಡಿಯನ್ನು ನೋಡಿ, ಓಡಿದ ಕಿಲೋಮೀಟರುಗಳೊಡನೆ ಬರೆದಿಟ್ಟರೆ ರೋಗದ ಗತಿ ತಿಳಿಯುತ್ತದೆ. ನೆಲದ ಮೇಲೆ ಕಲೆಯಿಲ್ಲದೆಯೂ ಮಟ್ಟ ಇಳಿಯುತ್ತಿದ್ದು, ಹಿಂಗೊಳವೆಯಿಂದ ನೀಲಿಹೊಗೆ ಬರುತ್ತಿದ್ದರೆ ಎಣ್ಣೆ ಸೋರುತ್ತಿಲ್ಲ, ಉರಿಯುತ್ತಿದೆ ಎಂದರ್ಥ.

ಕೇವಲ ಜಾಕಿನ ಆಧಾರದಲ್ಲಿ ನಿಂತ ಕಾರಿನ ಕೆಳಗೆ ಎಂದೂ ನುಸುಳಬಾರದು. ಎಂಜಿನ್ ಓಡುವಾಗ ಪಂಚೆಯ ಚುಂಗು, ಸೆರಗು, ಶಲ್ಯಗಳು ಫ್ಯಾನಿನ ಬಳಿ ಸುಳಿಯಬಾರದು. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತವಾಗಿ ಕೊಳ್ಳುವವರಿಗೆ ಒಪ್ಪಿಸಬೇಕು. ಜೀವನದಿಯಿಲ್ಲದೆ ಕೆರೆಗಳನ್ನೇ ನೆಚ್ಚಿಕೊಂಡು ಬಂದ ಕೋಲಾರ ಸೀಮೆಯಲ್ಲಿ ಕಾಲುವೆಗೆ ಬಿದ್ದ ಎಣ್ಣೆ ಕೊನೆಗೆ ಸೇರುವುದು ಕೆರೆಯನ್ನೇ.

ಈ ಪರೀಕ್ಷಾಕ್ರಮವು ಪ್ರೌಢಶಾಲೆಯ ವಿಜ್ಞಾನ ತರಗತಿಗೂ ಒಪ್ಪುವಂಥದು. ಬಿಳಿಯ ಕಾಗದ, ಟಾಲ್ಕಂ ಪುಡಿ, ಅಳತೆ ಕಡ್ಡಿ ಮತ್ತು ಒಂದು ದಿನಚರಿ ಪುಸ್ತಕ ಇಷ್ಟಿದ್ದರೆ ಸಾಕು. ಶುದ್ಧಗೊಳಿಸಿ ನೋಡುವುದು, ಒಂದು ಸಂದೇಹವನ್ನು ಪರಿಹರಿಸಿದ ಬಳಿಕವೇ ಮತ್ತೊಂದಕ್ಕೆ ಕೈಹಾಕುವುದು, ಕಂಡದ್ದನ್ನು ಅಳೆದು ಬರೆದಿಡುವುದು, ಈ ಮೂರನ್ನೂ ವಿದ್ಯಾರ್ಥಿಯು ಒಂದು ಹಳೆಯ ಎಂಜಿನ್ನಿನ ಮುಂದೆ ನಿಂತು ಕಲಿಯಬಲ್ಲನು.