ಹಳೇ ಕರ್ನಲ್‌ಗೆ ಅದರದೇ ಮಾಡ್ಯೂಲು

ಕಡೂರು, ತರೀಕೆರೆ, ಅಜ್ಜಂಪುರದ ಜೆರಾಕ್ಸ್ ಅಂಗಡಿಗಳ ಹಳೇ ಕಂಪ್ಯೂಟರ್‌ಗಳಿಗೆ ಉಬುಂಟು ಹಾಕಿಕೊಡುವುದು ನನ್ನ ಕೆಲಸ. ಅಪ್‌ಡೇಟ್ ಆದ ಮರುದಿನ ವೈಫೈ ಹೋಯಿತೆಂದು ಫೋನ್ ಬಂದರೆ, ಹಳೇ ಕರ್ನಲ್‌ಗೆ ಮರಳುವುದೇ ಹತ್ತಿರದ ದಾರಿ. ಆ ದಾರಿಯಲ್ಲಿ ಎಡವಿ ಕಲಿತದ್ದಿಷ್ಟು.

1. ಮೊದಲು ಮೆನು ನೋಡಿ. ಯಂತ್ರ ಶುರುವಾಗುವಾಗ ಶಿಫ್ಟ್ ಒತ್ತಿ ಹಿಡಿದರೆ (ಯುಇಎಫ್‌ಐ ಇದ್ದರೆ ಎಸ್ಕೇಪ್) ಗ್ರಬ್ ಮೆನು ಬರುತ್ತದೆ. ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅರ್ಧ ಕೇಸು ಇಲ್ಲಿಗೇ ಮುಗಿಯುತ್ತದೆ.

2. ಕರ್ನಲ್ ಒಂಟಿಯಲ್ಲ. ಬೂಟ್ ಫೋಲ್ಡರಿನ ವಿಎಂಲಿನಜ್, ಅದರ ಇನಿಟ್‌ಆರ್‌ಡಿ, ಲಿಬ್ ಒಳಗಿನ ಮಾಡ್ಯೂಲ್ಸ್ (ಅಂದರೆ ಡ್ರೈವರ್‌ಗಳ) ಫೋಲ್ಡರು, ಮೂರರ ಮೇಲೂ ಒಂದೇ ನಂಬರ್ ಇರಬೇಕು. 5.4.0-150ರ ಮಾಡ್ಯೂಲು 5.4.0-149ಕ್ಕೆ ಆಗಿಬರುವುದಿಲ್ಲ. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಟ್ರಾಂ ಓಡುತ್ತಿತ್ತು. ಆ ಗಾಡಿಯನ್ನು ಬೀರೂರಿನ ಅಗಲ ಹಳಿಗೆ ಏರಿಸಲಾದೀತೆ?

3. ಪೆನ್‌ಡ್ರೈವ್ ಜಾಣತನ ಬೇಡ. ಉಬುಂಟು 20.04 ಬಂದಾಗ ಕರ್ನಲ್ 5.4 ಇತ್ತು, ಆಮೇಲಿನ ಅಪ್‌ಡೇಟ್‌ನಲ್ಲಿ ಡೆಸ್ಕ್‌ಟಾಪಿಗೆ 5.15 ಬಂತು. ಅಜ್ಜಂಪುರದ ಅಂಗಡಿಯೊಂದರಲ್ಲಿ ಹಳೆಯದು ಅಳಿಸಿಹೋಗಿತ್ತು. ಕಡೂರಿನ ಯಂತ್ರದಿಂದ ವಿಎಂಲಿನಜ್ ಒಂದನ್ನೇ ಕಾಪಿ ಮಾಡಿ ತಂದು, ಅಲ್ಲಿದ್ದ ಹೊಸ ಇನಿಟ್‌ಆರ್‌ಡಿಯನ್ನೇ ಜೋಡಿಸಿದೆ. ಲಾಗಿನ್ ಪರದೆ ಬಂತು, ಆದರೆ ಯುಎಸ್‌ಬಿ ಕೀಬೋರ್ಡೂ ಸತ್ತಿತ್ತು, ಮೌಸೂ ಸತ್ತಿತ್ತು. ಅವುಗಳ ಡ್ರೈವರೂ ಮಾಡ್ಯೂಲೇ! “ಅಣ್ಣಾ, ಮುಂಚೆ ಬರೀ ವೈಫೈ ಹೋಗಿತ್ತಲ್ವಾ?” ಎಂದ ಅಂಗಡಿಯ ಹುಡುಗ. ಗುಂಡುಪಿನ್ನಿನ ಹಳೇ ಪಿಎಸ್-2 ಕೀಬೋರ್ಡ್ ಚುಚ್ಚಿದ ಮೇಲೆ ಕೆಲಸ ಸಾಗಿತು. ಅದರ ಡ್ರೈವರ್ ಕರ್ನಲ್ ಒಳಗೇ ಇರುತ್ತದೆ.

4. ಪ್ಯಾಕೇಜ್ ಮೂಲಕವೇ ತರಿಸಿ. ಇಮೇಜ್, ಮಾಡ್ಯೂಲ್ಸ್, ಮಾಡ್ಯೂಲ್ಸ್-ಎಕ್ಸ್‌ಟ್ರಾ, ಮೂರನ್ನೂ ಒಂದೇ ನಂಬರಿನಲ್ಲಿ ಹಾಕಿ. ಎಷ್ಟೋ ವೈಫೈ ಡ್ರೈವರ್‌ಗಳು ಎಕ್ಸ್‌ಟ್ರಾದಲ್ಲೇ ಕೂತಿರುತ್ತವೆ. ಇನಿಟ್‌ಆರ್‌ಡಿ ಕಟ್ಟುವುದು, ಗ್ರಬ್‌ಗೆ ತಿಳಿಸುವುದು ತಾನಾಗಿಯೇ ಆಗುತ್ತದೆ.

5. ಹೊರಗಿನ ಡ್ರೈವರ್ ಮರೆಯಬೇಡಿ. ಡಾಂಗಲ್‌ಗೆಂದು ನಾವೇ ಕಂಪೈಲ್ ಮಾಡಿದ ಡ್ರೈವರನ್ನು ಆಯಾ ಕರ್ನಲ್‌ಗೆ ಬೇರೆಯಾಗಿಯೇ ಕಟ್ಟಬೇಕು. ಡ್ರೈವರನ್ನು ಡಿಕೆಎಂಎಸ್‌ಗೆ ಸೇರಿಸಿದ್ದು, ಅದೇ ನಂಬರಿನ ಹೆಡರ್ಸ್ ಪ್ಯಾಕೇಜೂ ಇದ್ದರೆ ಡಿಕೆಎಂಎಸ್ಸೇ ಆ ಕೆಲಸ ನೋಡಿಕೊಳ್ಳುತ್ತದೆ.

6. ಎದ್ದ ಮೇಲೆ ಕೇಳಿ. ‘ಯುನೇಮ್ -ಆರ್’ ಕೊಟ್ಟರೆ ಓಡುತ್ತಿರುವ ಕರ್ನಲ್ಲಿನ ನಂಬರ್ ಹೇಳುತ್ತದೆ. ಅದೇ ಹೆಸರಿನ ಮಾಡ್ಯೂಲ್ ಫೋಲ್ಡರ್ ಇದೆಯೇ ನೋಡಿ. ವೈಫೈ, ಪ್ರಿಂಟರ್, ಸೌಂಡ್ ಎಲ್ಲ ನಡೆದ ಮೇಲಷ್ಟೇ ಅದನ್ನು ಡೀಫಾಲ್ಟ್ ಮಾಡಿ, ತಾನಾಗಿ ಬದಲಾಗದಂತೆ, ಅಳಿಯದಂತೆ ‘ಹೋಲ್ಡ್’ ಹಾಕಿ.

7. ಹಳೇ ಕರ್ನಲ್ ತಂಗುದಾಣ, ಮನೆಯಲ್ಲ. ಹೋಲ್ಡ್ ಹಾಕಿದ ಕರ್ನಲ್‌ಗೆ ಭದ್ರತೆಯ ತೇಪೆ ಸೇರುವುದಿಲ್ಲ. ಹೊಸದಕ್ಕೆ ಒಗ್ಗುವ ಡ್ರೈವರ್ ಸಿಕ್ಕಿತೋ, ಹೋಲ್ಡ್ ತೆಗೆಯಿರಿ.

ಈಗ ಅಪ್‌ಡೇಟ್‌ಗೆ ಮುಂಚೆ ಕರ್ನಲ್ ನಂಬರನ್ನು ಕ್ಯಾಬಿನೆಟ್ ಮೇಲೆ ಮಾರ್ಕರಿನಲ್ಲಿ ಬರೆದಿಡುತ್ತೇನೆ. ಆ ಗುಂಡುಪಿನ್ನಿನ ಕೀಬೋರ್ಡ್ ಮಾತ್ರ ಬ್ಯಾಗಿನಿಂದ ಇಳಿದಿಲ್ಲ.